ಮುಷ್ಟಿಯಲ್ಲಿ ಹಿಡಿಸುವಷ್ಟು

ನಮ್ಮ ಊರಿನಲ್ಲಿ ಮೂರು ಹುಣ್ಣಿಮೆಗೊಮ್ಮೆ ಎಲ್ಲರೂ ಮನೆ ಬಿಡುತ್ತೇವೆ. ನಾವು ಎಡಗಡೆಯ ಮನೆಗೆ ಹೋಗುತ್ತೇವೆ, ಬಲಗಡೆಯವರು ನಮ್ಮ ಮನೆಗೆ ಬರುತ್ತಾರೆ. ಇದಕ್ಕೆ ಕದಲಿಕೆ ಎಂದು ಹೆಸರು. ಬೀದಿಯ ಕೊನೆಯ ಮನೆಯವರು ಮುಂದಿನ ಬೀದಿಯ ಮೊದಲ ಮನೆಗೆ ಹೋಗುತ್ತಾರೆ. ಉಟ್ಟ ಬಟ್ಟೆ ಬಿಟ್ಟರೆ ಬಲಗೈ ಮುಷ್ಟಿಯಲ್ಲಿ ಹಿಡಿಸುವಷ್ಟನ್ನು ಮಾತ್ರ ಒಯ್ಯಬಹುದು. ಉಳಿದದ್ದು ಮನೆಯದು. ಹಸುಗೂಸಿನ ಮುಷ್ಟಿಯಲ್ಲಿ ಏನೂ ಹಿಡಿಸುವುದಿಲ್ಲವಾದರೂ ತಾಯಂದಿರು ಒಂದು ಏಲಕ್ಕಿ ಇಡುತ್ತಾರೆ. ಅದು ಹೊಸ ಮನೆಯ ಹೊಸ್ತಿಲು ದಾಟುವ ಮೊದಲೇ ಬಿದ್ದುಹೋಗಿರುತ್ತದೆ.

ಹಾಗಾಗಿ ಇಲ್ಲಿ ಯಾರಿಗೂ ತಮ್ಮದು ಎನ್ನುವ ಮನೆಯಿಲ್ಲ. ಆದರೆ ಪ್ರತಿಯೊಬ್ಬರಿಗೂ ಮುಂದಿನವರು ಮತ್ತು ಹಿಂದಿನವರು ಇದ್ದಾರೆ, ಅವರು ಸಾಯುವವರೆಗೂ ಬದಲಾಗುವುದಿಲ್ಲ. ನನ್ನ ಮುಂದಿನವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಸೋರುವ ಜಾಗದ ಕೆಳಗೆ ಗೋಡೆಯ ಮೇಲೆ ಸೀಸದಕಡ್ಡಿಯಿಂದ ಒಂದು ಪುಟ್ಟ ಛತ್ರಿ ಬರೆದು ಹೋಗುತ್ತಾರೆ. ನಾನು ಪಾತ್ರೆ ಅಲ್ಲಿಡುತ್ತೇನೆ. ನನ್ನ ಹಿಂದಿನವರು ರೇವಕ್ಕ ಮತ್ತು ಅವರ ಗಂಡ ಓಬಳೇಶಪ್ಪ. ನಾನು ಬಿಟ್ಟ ಮನೆಗೆ ಯಾವಾಗಲೂ ಅವರೇ ಬರುತ್ತಾರೆ. ನಾನು ಅರ್ಧ ಬಳಸಿದ ಸಾಸಿವೆಯನ್ನು ರೇವಕ್ಕ ಮುಗಿಸುತ್ತಾರೆ. ನಾನು ಮೇಷ್ಟ್ರ ಸಾಸಿವೆ ಮುಗಿಸುತ್ತೇನೆ.

ಬಿಡುವ ಮುನ್ನ ಒಲೆ ಸಾರಿಸಬೇಕು. ಕೊಡ ತುಂಬಿಸಿಡಬೇಕು, ಉಪ್ಪಿನ ಜಾಡಿಯನ್ನೂ. ಪ್ರತಿ ಮನೆಗೂ ಒಂದು ಕಂಪ್ಯೂಟರ್ ಇದೆ, ಅದನ್ನೂ ಒರೆಸಿ ಹೋಗಬೇಕು, ಒಳಗೂ ಹೊರಗೂ. ಬಿಟ್ಟದ್ದನ್ನು ಹಿಂದಿನವರಿಂದ ಕೇಳಬಾರದು. ಅವರೂ ತಂದುಕೊಡಬಾರದು. ಇಷ್ಟೇ ನಿಯಮ. ಕದಲಿಕೆಯ ಬೆಳಿಗ್ಗೆ ಊರಿನ ಉಸ್ತುವಾರಿ ನೋಡುವ ಗುರಿಕಾರ ಸಣ್ಣಪ್ಪ ಬಾಗಿಲು ಬಾಗಿಲಿಗೂ ಬಂದು ಮೂರು ಸಲ ಕೇಳುತ್ತಾನೆ: "ಏನಾದ್ರೂ ಉಳಿಸಿಕೊಳ್ಳಬೇಕಾ?" ಮೂರು ಸಲವೂ "ಬೇಡ" ಎನ್ನಬೇಕು. ಬೇಕು ಎಂದವರನ್ನು ನಾನು ಕಂಡಿಲ್ಲ. ನಮ್ಮ ಮಕ್ಕಳು ಅಮ್ಮ, ಅಪ್ಪ ಆದ ಮೇಲೆ ಕಲಿಯುವ ಮಾತು ಬೇಡ. ಪಂಕ್ತಿಯಲ್ಲಿ ಕೂತಾಗಲೂ ನಾವು ಬೇಕು ಎನ್ನುವುದಿಲ್ಲ, ಎಲೆಯನ್ನು ಸ್ವಲ್ಪ ಮುಂದೆ ತಳ್ಳುತ್ತೇವೆ.

ನನ್ನ ಗಂಡ ಚಿದಾನಂದ ಬದುಕಿದ್ದಾಗ ನಮಗೆ ಎರಡು ಮುಷ್ಟಿ ಇತ್ತು. ನನ್ನ ಮುಷ್ಟಿಯಲ್ಲಿ ಹೆಪ್ಪು, ಕುಂಕುಮದ ಹಳೆಯ ಭರಣಿಯೊಂದರಲ್ಲಿ. ಅವನ ಮುಷ್ಟಿಯಲ್ಲಿ ಕಡ್ಡಿ. ಪೆನ್ ಡ್ರೈವ್‌ಗೆ ಊರಿನವರು ಕಡ್ಡಿ ಎನ್ನುತ್ತಾರೆ. ಅವನ ಕೆಲಸ, ಅವನ ಅಕ್ಷರಗಳು, ಅವನ ಕಂಪ್ಯೂಟರ್ ಪೂರ್ತಿ ಅದರೊಳಗಿತ್ತು. ಹೊಸ ಮನೆಗೆ ಹೋದ ಕೂಡಲೇ ನಾನು ಹಾಲಿಗೆ ಹೆಪ್ಪು ಹಾಕುತ್ತಿದ್ದೆ. ಅವನು ಅಲ್ಲಿಯ ಕಂಪ್ಯೂಟರಿಗೆ ಕಡ್ಡಿ ಸಿಕ್ಕಿಸಿ ಎಬ್ಬಿಸುತ್ತಿದ್ದ. ಆ ಮನೆಯ ಕಂಪ್ಯೂಟರ್ ಅವನದಾಗುತ್ತಿತ್ತು. ಅವನು ಮುದ್ರಣಾಲಯಕ್ಕೆ ಮನೆಯಲ್ಲೇ ಕೂತು ಕರಡು ತಿದ್ದುತ್ತಿದ್ದ. ನಾನು ಗ್ರಂಥಾಲಯದಲ್ಲಿ ಪಟ್ಟಿ ಮಾಡುವ ಕೆಲಸ ಮಾಡುತ್ತೇನೆ. ದಿನಕ್ಕೆ ನಾಲ್ಕೈದು ಸಲ ಅಲ್ಲಿಯ ಕಂಪ್ಯೂಟರಿಗೆ ಅವನಿಂದ ಒಂದೊಂದು ಸಾಲು ಬರುತ್ತಿತ್ತು. ಬರುವಾಗ ನಿಂಬೆಹಣ್ಣು ತಾ. ಮೂರನೇ ಮೆಟ್ಟಿಲು ನೋಡಿಕೋ. ಏನಾದರೂ ತೀರ್ಮಾನ ಕೇಳಿದರೆ, ನಾಳೆ ನೋಡೋಣ ಇಂದೂ. ಇಂದೂ ಅಂದರೆ ನಾನು.

ನಾವಿಬ್ಬರೂ ಒಟ್ಟಿಗಿದ್ದ ಕೊನೆಯ ಮನೆಗೆ ಹೋದಾಗ ಅವನ ಕಡ್ಡಿ ಹಳೆಯದಾಗಿ ನಿಧಾನವಾಗಿತ್ತು. ಎಲ್ಲವನ್ನೂ ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡ. ಕದಲಿಕೆಗೆ ಮುಂಚೆ ಹೊಸ ಕಡ್ಡಿಗೆ ಏರಿಸಿದರಾಯಿತು ಎಂದ. ಯಾವಾಗ ಎಂದು ಕೇಳಿದೆ. ನಾಳೆ ನೋಡೋಣ ಎಂದ.

ಒಂದು ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಕೂತಲ್ಲೇ ಹೋದ. ಅವನಿಗೆ ಮೂವತ್ತನಾಲ್ಕು ವರ್ಷ. ನನಗೆ ಗ್ರಂಥಾಲಯಕ್ಕೆ ಹೇಳಿಕಳಿಸಿದವರು ರೇವಕ್ಕ. ಸತ್ತವರು ಕೊನೆಯ ಕದಲಿಕೆಯಲ್ಲಿ ಒಯ್ದದ್ದನ್ನು ಅವರ ಮುಷ್ಟಿಯಲ್ಲೇ ಇಟ್ಟು ಕಳಿಸುವುದು ಇಲ್ಲಿಯ ಪದ್ಧತಿ. ಹಳೆಯ ಕಡ್ಡಿಯನ್ನು ಅವನ ಅಂಗೈಯಲ್ಲಿಟ್ಟು ನಾನೇ ಬೆರಳು ಮಡಚಿದೆ. ಹೆಬ್ಬೆರಳು ಮಾತ್ರ ಎರಡು ಸಲ ಮಡಚಬೇಕಾಯಿತು.

ಆಮೇಲೆ ಕದಲಿಕೆಗೆ ಒಂದು ತಿಂಗಳು ಉಳಿದಿತ್ತು.

ಕೆಲವು ದಿನ ಕಳೆದ ಮೇಲೆ, ಗ್ರಂಥಾಲಯಕ್ಕೆ ರಜೆಯ ಅರ್ಜಿ ಬರೆಯಲು ಅವನ ಕಂಪ್ಯೂಟರಿನ ಮುಂದೆ ಕೂತೆ. ನಾಳೆಯಿಂದ ಎಂದು ಶುರುಮಾಡಬೇಕಿತ್ತು. ನಾಳೆ ಎಂದು ಒತ್ತಿದೆ. ಕೆಳಗೆ ಮಸುಕಾಗಿ ಮುಂದಿನ ಪದ ಕಾಣಿಸಿತು: ನೋಡೋಣ. ಒಪ್ಪಿಕೊಳ್ಳುವ ಗುಂಡಿ ಒತ್ತಿದೆ. ಇಂದೂ ಎಂದಿತು. ಮತ್ತೆ ಒತ್ತಿದೆ. ಬರುವಾಗ. ನಿಂಬೆಹಣ್ಣು. ತಾ. ಅವನು ವರ್ಷಗಟ್ಟಲೆ ಒತ್ತಿದ ಪದಗಳನ್ನು ಕಂಪ್ಯೂಟರ್ ಕಲಿತಿತ್ತು. ಯಾವ ಪದದ ಬೆನ್ನಿಗೆ ಅವನು ಯಾವ ಪದ ಇಡುತ್ತಿದ್ದ ಎನ್ನುವುದು ಅದಕ್ಕೆ ಗೊತ್ತಿತ್ತು. ಮೆಟ್ಟಿಲು ಎಂದು ಒತ್ತಿದೆ. ನೋಡಿಕೋ ಎಂದಿತು.

ಅರ್ಜಿ ಬರೆಯಲಿಲ್ಲ. ದಿನಾ ಸಂಜೆ ಒಂದು ಪದ ಒತ್ತಿ ಕೂರುತ್ತಿದ್ದೆ. ಒಂದೇ ಪದ. ಉಳಿದದ್ದನ್ನು ಅದು ಹೇಳುತ್ತಿತ್ತು. ನಾನು ಅಳಲಿಲ್ಲ. ಅಡುಗೆಯನ್ನೂ ಮಾಡಲಿಲ್ಲ. ಮಂಡಕ್ಕಿ ತರಿಸಿಟ್ಟುಕೊಂಡಿದ್ದೆ. ಇಡೀ ಊರಿನಲ್ಲಿ ನನಗೆ ಒಯ್ಯಬೇಕೆನ್ನಿಸಿದ್ದು ಇದೊಂದೇ. ಅದು ಮನೆಗೆ ಸೇರಿದ ಕಂಪ್ಯೂಟರಿನೊಳಗಿತ್ತು. ನನ್ನ ಹತ್ತಿರ ಒಂದು ಮುಷ್ಟಿ ಇತ್ತು.

ಕಡ್ಡಿ ಅಂಗಡಿ ಹಿಟ್ಟಿನ ಗಿರಣಿಯ ಪಕ್ಕದಲ್ಲಿದೆ. ಅಂಗಡಿಗಳು ಕದಲುವುದಿಲ್ಲ. ನಡೆಸುವವರು ತಿಪ್ಪಕ್ಕ. ಅರವತ್ತು ದಾಟಿದವರು, ಅಪ್ಪನಿಂದ ರೇಡಿಯೋ ರಿಪೇರಿ ಕಲಿತು ಈಗ ಕಡ್ಡಿಗೆ ಬಂದಿದ್ದಾರೆ. ಕಡ್ಡಿಗೆ ಹಾಕುವುದು ಲಿನಕ್ಸ್, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಆ ಹೆಸರಿಗೆ ನಾಲಿಗೆ ತಿರುಗದವರು ಲಿಂಗಣ್ಣ ಎನ್ನುತ್ತಾರೆ. ತಿಪ್ಪಕ್ಕನಿಗೆ ನಾಲಿಗೆ ತಿರುಗುತ್ತದೆ, ಆದರೂ ಲಿಂಗಣ್ಣ ಎಂದೇ ಅನ್ನುತ್ತಾರೆ.

"ಬಾ ತಂಗಿ," ಎಂದರು. ತಲೆಯಿಂದ ಕಾಲಿನವರೆಗೆ ನೋಡಿದರು. "ಸೊರಗೀಯಾ. ಏನ್ ಬೇಕಿತ್ತು?"

ಹೇಳಿದೆ. ಅವನ ಫೈಲುಗಳನ್ನು ಕಡ್ಡಿಗೆ ಹಾಕಿಕೊಂಡರೆ ಸಾಕೇ ಎಂದು ಕೇಳಿದೆ.

"ಬರೀ ಫೈಲ್ ತಗಂಡು ಹೋದ್ರೆ ಮೂಟೆ ಹೊತ್ಕಂಡು ಹೋದಂಗೆ. ಮುಂದಿನ ಮನೆ ಕಂಪ್ಯೂಟರಿಗೆ ನಿಮ್ಮ ಯಜಮಾನ್ರ ಭಾಷೆ ಬರಕಿಲ್ಲ. ಆಳನ್ನೇ ಕರ್ಕಂಡು ಹೋಗ್ಬೇಕು. ಲಿಂಗಣ್ಣನ್ನ ಕಡ್ಡೀಲಿ ಕೂರಿಸು. ಮನೇಲಿ ಕಡ್ಡಿಯಿಂದ ಎಬ್ಬಿಸು. ಆಮೇಲೆ ಯಜಮಾನ್ರ ಫೈಲು, ಪದ ಎಲ್ಲಾ ಇರೋ ಕಪಾಟು ಕಾಣ್ತೈತೆ, ಅದರಾಗಿಂದು ಪೂರಾ ಎತ್ತಿ ಇವನ ಕಪಾಟಿಗೆ ಹಾಕು. ಲಿಂಗಣ್ಣ ಯಾವ ಮನೆಗೆ ಹೋದ್ರೂ ಹೊಂದ್ಕಂತಾನೆ. ಹಳೇ ಕಂಪ್ಯೂಟರು, ಹೊಸಾದು, ಯಾವ್ದೂ ನೋಡಕಿಲ್ಲ."

ಬೆರಳಿನ ಅರ್ಧದಷ್ಟು ಉದ್ದದ ಒಂದು ಕಪ್ಪು ಕಡ್ಡಿ ಆರಿಸಿಕೊಟ್ಟರು. ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿ, "ಎಲ್ಲಾ ಕನ್ನಡದಾಗೇ ಕೇಳ್ತೈತೆ. ಓದ್ಕಂಡು ಒತ್ಕಂಡು ಹೋಗು, ಓದಿದೋಳು ನೀನು," ಎಂದು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದರು.

ಅದು ಕೇಳುತ್ತಾ ಹೋಯಿತು. ಯಾವ ಕಡ್ಡಿ? ತೋರಿಸಿದೆ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ? ಆಗಬಹುದು. ಭಾಷೆ? ಕನ್ನಡ. ಉಳಿಸಿಕೊಳ್ಳಬೇಕೆ? ಎಡಕ್ಕೆ ಬೇಕು, ಬಲಕ್ಕೆ ಬೇಡ ಎಂದು ಎರಡು ಗುಂಡಿ. ಬೇಡ ಒತ್ತಿದೆ. ಒತ್ತಿದ್ದು ನನ್ನ ಗಮನಕ್ಕೇ ಬರಲಿಲ್ಲ. ಹಸಿರು ಪಟ್ಟಿ ಎಡದಿಂದ ಬಲಕ್ಕೆ ತುಂಬಿತು. ಗಿರಣಿಯ ಸದ್ದಿಗೆ ಮೇಜು ಸಣ್ಣಗೆ ನಡುಗುತ್ತಿತ್ತು. ಆಯಿತು ಎಂದು ಬಂತು.

"ಆತಾ?" ಎಂದರು ತಿಪ್ಪಕ್ಕ, ಅತ್ತ ಮುಖ ಮಾಡಿಕೊಂಡೇ.

"ಆಯಿತು."

"ನೋಡಿದ್ಯಾ, ಒಂದು ಚಾ ಕುಡಿಯೋ ಹೊತ್ತು."

ಮನೆಗೆ ಬಂದು ಕಡ್ಡಿ ಸಿಕ್ಕಿಸಿ ಎಬ್ಬಿಸಿದೆ. ಎದ್ದಿತು. ತಿಪ್ಪಕ್ಕ ಹೇಳಿದ ಹಾಗೆ ಚಿದಾನಂದನ ಕಪಾಟು ತೆರೆದು, ಅದರಲ್ಲಿದ್ದುದನ್ನು ಪೂರ್ತಿ ಎತ್ತಿ ಹೊಸತಕ್ಕೆ ಹಾಕಿದೆ. ಎರಡು ಗಂಟೆ ಹಿಡಿಯಿತು. ಆಮೇಲೆ ಖಾಲಿ ಹಾಳೆ ತೆರೆದು ನಾಳೆ ಎಂದು ಒತ್ತಿದೆ. ನೋಡೋಣ ಎಂದಿತು. ಸರಿಯಾಗಿದೆ ಎಂದುಕೊಂಡು ಆರಿಸಿದೆ. ಕಡ್ಡಿ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡೆ. ಕದಲಿಕೆಯ ಹಿಂದಿನ ದಿನದವರೆಗೆ ಬಿಚ್ಚಲಿಲ್ಲ. ಮತ್ತೊಮ್ಮೆ ಎಬ್ಬಿಸಿ ನೋಡಬೇಕಿತ್ತು ಎಂದು ಈಗ ಅನ್ನಬಹುದು.

ಕದಲಿಕೆಯ ಹಿಂದಿನ ದಿನ ಒಲೆ ಸಾರಿಸಿದೆ, ಕೊಡ ತುಂಬಿಸಿದೆ, ಜಾಡಿಗೆ ಉಪ್ಪು ಸುರಿದೆ. ಕಂಪ್ಯೂಟರ್ ಒರೆಸಲು ಕೂತೆ. ಹೊರಗಿನ ಧೂಳು ಒರೆಸಿದೆ. ಒಳಗಿನದನ್ನು ಒರೆಸಲಿಲ್ಲ. ಅದು ಹಿಂದಿನವರಿಗೆ ಮಾಡುವ ಅಗೌರವ, ಎಂಜಲು ತಟ್ಟೆ ಬಿಟ್ಟುಹೋದ ಹಾಗೆ. ಆದರೂ ಒರೆಸಲಿಲ್ಲ. ಅಡುಗೆಮನೆಯಲ್ಲಿ ಹೆಪ್ಪಿನ ಭರಣಿ ಇತ್ತು. ಭರಣಿ ಸಣ್ಣದು, ಕಡ್ಡಿಯೂ ಸಣ್ಣದು. ಎರಡನ್ನೂ ಅಂಗೈಯಲ್ಲಿಟ್ಟು ಮುಚ್ಚಿ ನೋಡಿದೆ. ಬೆರಳು ಕೂಡಲಿಲ್ಲ. ಭರಣಿಯನ್ನು ಗೂಡಿನಲ್ಲಿಟ್ಟೆ.

ಬೆಳಿಗ್ಗೆ ಸಣ್ಣಪ್ಪ ಬಂದ. ನನ್ನ ಬಲಗೈ ನೋಡಿದ, ಆಮೇಲೆ ನನ್ನ ಪಕ್ಕದ ಖಾಲಿ ಜಾಗ ನೋಡಿದ. ಅವನಿಗೂ ಹೊಸದಿರಬೇಕು, ಅಲ್ಲಿ ಇಬ್ಬರನ್ನು ಕೇಳಿ ಅಭ್ಯಾಸ. "ಏನಾದ್ರೂ ಉಳಿಸಿಕೊಳ್ಳಬೇಕಾ ತಾಯಿ?"

"ಬೇಡ."

ಮೂರು ಸಲ ಆಯಿತು. ಎಡಕ್ಕೆ ಹದಿನಾರು ಹೆಜ್ಜೆ ನಡೆದೆ.

ಹೊಸ ಮನೆಯಲ್ಲಿ ಮೇಷ್ಟ್ರು ಎರಡು ಛತ್ರಿ ಬರೆದಿದ್ದರು. ಹಾಲು ಇತ್ತು, ಹೆಪ್ಪಿರಲಿಲ್ಲ. ಕಂಪ್ಯೂಟರಿಗೆ ಕಡ್ಡಿ ಸಿಕ್ಕಿಸಿ ಎಬ್ಬಿಸಿದೆ. ನೀಲಿ ತೆರೆ ಬಂತು. ಸ್ವಾಗತ, ನಿಮ್ಮ ಹೆಸರೇನು ಎಂದು ಕೇಳಿತು. ಅವನ ಕಪಾಟು ಇರಲಿಲ್ಲ. ಖಾಲಿ ಹಾಳೆ ತೆರೆದು ನಾಳೆ ಎಂದು ಒತ್ತಿದೆ. ಏನೂ ಬರಲಿಲ್ಲ. ಆರಿಸಿ ಮತ್ತೆ ಎಬ್ಬಿಸಿದೆ. ಸ್ವಾಗತ, ನಿಮ್ಮ ಹೆಸರೇನು? ಆರು ಸಲ ಎಬ್ಬಿಸಿದೆ. ಆರು ಸಲವೂ ಮೊದಲ ಬಾರಿ ನೋಡಿದ ಹಾಗೆ ಹೆಸರು ಕೇಳಿತು.

ಮರುದಿನ ಕಡ್ಡಿಯನ್ನು ತಿಪ್ಪಕ್ಕನ ಮುಂದಿಟ್ಟೆ. ಅವರು ಸಿಕ್ಕಿಸಿ ನೋಡಿ ಹಣೆಗೆ ಕೈ ಹಚ್ಚಿಕೊಂಡರು.

"ಉಳಿಸಿಕೊಳ್ಳಬೇಕೆ ಅಂತ ಕೇಳ್ತಲ್ಲ, ಏನ್ ಒತ್ತಿದೆ?"

ನನಗೆ ನೆನಪಾಗಲಿಲ್ಲ. ಆಮೇಲೆ ನೆನಪಾಯಿತು.

"ಬೇಡ ಒತ್ತೀಯ. ಬೇಡ ಅಂದ್ರೆ ಇವನು ಅವತ್ತಿಂದು ಅವತ್ತಿಗೇ. ಕರೆಂಟ್ ಇರೋಗಂಟ ಎಲ್ಲಾ ತಲೇಲಿ ಇಟ್ಕಂಡಿರ್ತಾನೆ, ಆರಿಸಿದ ಕೂಡ್ಲೇ ಕೊಡವಿಕಂಡು ಎದ್ದ. ನೀನು ತುಂಬಿದ್ದು ಕಡ್ಡಿಗೆ ಇಳೀಲೇ ಇಲ್ಲ ತಂಗಿ." ಕಡ್ಡಿ ಕಿತ್ತು ಮೇಜಿನ ಮೇಲಿಟ್ಟರು. "ನಂದೇ ತಪ್ಪು. ಈ ಊರಾಗೆ ಹತ್ತು ಕಡ್ಡಿ ಮಾಡಿದ್ರೆ ಏಳು ವಾಪಸ್ ಬರ್ತವೆ. ಎಲ್ರೂ ಬೇಡ ಅಂತ್ಲೇ ಒತ್ತೋದು. ಮೊದ್ಲೇ ಹೇಳ್ಬೇಕು ಅನ್ಕಂತೀನಿ. ಬೇಕು ಅನ್ನು ಅಂತ ಬಾಯಿಬಿಟ್ಟು ಹೆಂಗ್ ಹೇಳ್ಲಿ? ನಾನೂ ಇದೇ ಊರೋಳು."

"ಇನ್ನೊಮ್ಮೆ ಮಾಡಿ."

"ಮಾಡ್ತೀನಿ. ಆದ್ರೆ ಒಳಗೆ ಹಾಕಾಕೆ ಏನೈತೆ ಈಗ? ಎಲ್ಲಾ ಆ ಮನೇಲಿ ಉಳೀತಲ್ಲ." ತಮ್ಮ ಮಾತಿಗೆ ತಾವೇ ನಾಲಿಗೆ ಕಚ್ಚಿಕೊಂಡರು. "ಕಡ್ಡಿ ಮುರಿದಂಗೆ ಹೇಳ್ಬಿಟ್ಟೆ ನೋಡು. ಬೇಜಾರ್ ಮಾಡ್ಕಬ್ಯಾಡ."

"ಮಾಡಿ," ಎಂದೆ.

ಈ ಸಲ ಅವರು ನನ್ನ ಪಕ್ಕದಲ್ಲೇ ಕೂತರು. ಹಸಿರು ಪಟ್ಟಿಗೆ ಮುಂಚೆ ಆ ಪ್ರಶ್ನೆ ಬಂತು. ಎಡಗಡೆಯ ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತುವಾಗ ಬಾಯಿಯಲ್ಲೂ ಬಂದುಬಿಟ್ಟಿತು. "ಬೇಕು."

ಹಿಟ್ಟು ಬೀಸಿಸಲು ಬಂದಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಒಬ್ಬಾಕೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ತಿಪ್ಪಕ್ಕ ರೇಡಿಯೋದ ಸದ್ದು ಜೋರು ಮಾಡಿದರು.

ಕಡ್ಡಿ ಈಗ ಉಳಿಸಿಕೊಳ್ಳಬಲ್ಲದು. ಅದರಲ್ಲಿ ಏನೂ ಇರಲಿಲ್ಲ. ನನ್ನದು ಎಂದು ಏನಾದರೂ ಒತ್ತೋಣ ಎಂದು ಕೂತೆ. ನನ್ನ ಹೆಸರು ಒತ್ತಿದೆ. ಮುಂದಿನ ಪದ ತೋಚಲಿಲ್ಲ. ಅದಕ್ಕೂ ತೋಚಲಿಲ್ಲ.

ಚಿದಾನಂದನ ಪದಗಳು ಗೋಡೆಯ ಆಚೆ ಇದ್ದವು. ನನ್ನ ಮತ್ತು ರೇವಕ್ಕನ ಅಡುಗೆಮನೆಗಳಿಗೆ ಒಂದೇ ಗೋಡೆ. ಅವರ ಒಗ್ಗರಣೆ, ಅವರ ಬೈಗುಳ, ಓಬಳೇಶಪ್ಪನ ಸೀನು, ಎಲ್ಲ ಕೇಳುತ್ತದೆ. ಅವರು ಆ ಕಂಪ್ಯೂಟರನ್ನು ಇನ್ನೂ ಒರೆಸಿಲ್ಲವೇ ಎನ್ನುವುದು ಮಾತ್ರ ಗೋಡೆಯ ಮೂಲಕ ಕೇಳುವುದಿಲ್ಲ. ಹೋಗಿ ಕೇಳುವ ಹಾಗಿರಲಿಲ್ಲ.

ಎರಡು ವಾರ ಹೋಯಿತು. ಒಂದು ಗುರುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದೆ. ಮೋಟುಗೋಡೆಯ ಮೇಲಿಂದ ಒಂದು ಮುಚ್ಚಿದ ಲೋಟ ಈಚೆ ಬಂತು. ಹಿಂದೆಯೇ ರೇವಕ್ಕನ ಮುಖ.

"ತಗಾ, ಮೊಸರು."

"ಯಾಕಕ್ಕಾ?"

"ಯಾಕೆ ಅಂದ್ರೆ? ಜಾಸ್ತಿ ಆಗೈತೆ. ನಮ್ಮೆಜಮಾನ್ರಿಗೆ ನೆಗಡಿ, ಮೊಸರು ಮುಟ್ಟಂಗಿಲ್ಲ. ಬೆಕ್ಕಿಗೆ ಹಾಕೋ ಬದ್ಲು ನಿಂಗೆ ಕೊಡಾಣ ಅಂತ."

ಲೋಟದ ಮುಚ್ಚಳ ತೆಗೆದೆ. ನಮ್ಮ ಹೆಪ್ಪಿನ ಮೊಸರಿಗೆ ಒಂದು ಹುಳಿ ಇದೆ, ಬಾಯಿಗಿಡುವ ಮೊದಲೇ ಗೊತ್ತಾಗುತ್ತದೆ. ನನ್ನ ಭರಣಿಯದೇ. ಬಿಟ್ಟದ್ದನ್ನು ತಂದುಕೊಡಬಾರದು. ಮೊಸರು ಕೊಡಬಾರದು ಎಂದು ಯಾರೂ ಹೇಳಿಲ್ಲ.

"ಇನ್ನೊಂದ್ ವಿಷ್ಯ," ಎಂದರು ರೇವಕ್ಕ, ನನ್ನ ಮುಖ ನೋಡದೆ, ತಂತಿಯ ಮೇಲಿದ್ದ ನನ್ನ ಸೀರೆಯ ಮಡಿಕೆ ಸರಿಮಾಡುತ್ತಾ. "ನಮ್ಮನೇ ಕಂಪ್ಯೂಟರಿಗೆ ದೆವ್ವ ಹೊಕ್ಕೈತೆ ಅಂತಾರೆ ನಮ್ಮೆಜಮಾನ್ರು."

ಲೋಟದ ಮುಚ್ಚಳ ಮತ್ತೆ ಮುಚ್ಚಿದೆ.

"ಮೊನ್ನೆ ಮಿಲ್ ಮೇಸ್ತ್ರಿ ಪಾಳಿ ಬದ್ಲಾಯ್ಸು ಅಂತ ಬರ್ದಿದ್ದ. ಇವ್ರು ನಾಳೆ ಬರ್ತೀನಿ ಅಂತ ಒತ್ತಾಕೆ ಹೋಗೌರೆ. ಕನ್ನಡಕ ಹಾಕ್ಕಂಡಿಲ್ಲ. ಅದು ಏನೇನೋ ತೋರಿಸ್ತು, ಇವ್ರು ಹೂಂ ಹೂಂ ಅಂತ ಒತ್ತಿ ಕಳ್ಸೇ ಬಿಟ್ರು. ಏನ್ ಹೋಗೈತೆ ಗೊತ್ತಾ? ನಾಳೆ ನೋಡೋಣ ಇಂದೂ ಅಂತ. ಆ ಮೇಸ್ತ್ರಿ ಹೆಸ್ರು ಚನ್ನವೀರಪ್ಪ. ಈ ಗಾತ್ರದ ಮೀಸೆ ಅವಂಗೆ."

ರೇವಕ್ಕ ನಗಲು ಶುರುಮಾಡಿ ನಿಲ್ಲಿಸಿದರು. ನನಗೂ ಏನೋ ಬಂದ ಹಾಗಾಗಿ ನಿಂತಿತು.

"ಮಿಲ್ಲಿನಾಗೆ ಎಲ್ರೂ ಇವ್ರನ್ನ ಇಂದೂ ಇಂದೂ ಅಂತ ಆಡ್ಕಂತಾವ್ರೆ. ರೋಸಿಹೋಗ್ಯಾರೆ. ಭಾನುವಾರ ರಜ ಐತೆ, ಕೂತ್ಕಂಡು ಪೂರಾ ಒರೆಸಿಬಿಡ್ತೀನಿ ಅಂದ್ರು." ಈಗ ನನ್ನ ಮುಖ ನೋಡಿದರು. "ನಾನೇನೂ ಹೇಳ್ಲಿಲ್ಲ ಕಣವ್ವ. ನೀನೂ ಏನೂ ಕೇಳಿಲ್ಲ. ನಾನು ಬಂದಿದ್ದು ಬೇರೆ ಕೆಲಸಕ್ಕೆ. ನಮ್ಮಣ್ಣಂಗೆ ಒಂದು ಕಾಗ್ದ ಬರೀಬೇಕು. ನನ್ನ ಕನ್ನಡಕ ಎಲ್ಲಿಟ್ಟೆ ಅಂತ ಸಿಗ್ವಲ್ದು. ನಾಳೆ ಮಧ್ಯಾಹ್ನ ಬಂದು ಒಸಿ ಬರ್ಕೊಡ್ತೀಯಾ? ಇವ್ರು ಪಾಳಿಗೆ ಹೋಗಿರ್ತಾರೆ."

ಕನ್ನಡಕ ಅವರ ತಲೆಯ ಮೇಲಿತ್ತು.

"ಬರುತ್ತೇನೆ," ಎಂದೆ.

ಶುಕ್ರವಾರ ಅರ್ಧ ದಿನ ರಜೆ ಹಾಕಿದೆ. ಬಿಟ್ಟ ಮನೆಗೆ ಅತಿಥಿಯಾಗಿ ಹೋದರೆ ಯಾವುದನ್ನೂ ಗುರುತಿಸಬಾರದು. ಮೂರನೇ ಮೆಟ್ಟಿಲು ಸಡಿಲವಿತ್ತು, ಎಡವಲಿಲ್ಲ, ಎಡವಬೇಕಿತ್ತೇನೋ. ಅವನು ಕೂತಿದ್ದ ಕುರ್ಚಿಯ ಮೇಲೆ ಓಬಳೇಶಪ್ಪನ ಟವೆಲ್ ಇತ್ತು. ರೇವಕ್ಕ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ಕೂತ್ಕೋ," ಎಂದರು. ನಾನು ಕುರ್ಚಿಯನ್ನು ಮೊದಲ ಸಲ ನೋಡಿದವಳ ಹಾಗೆ ಕೂತೆ.

"ಅಣ್ಣಂಗೆ ಏನು ಬರೆಯಲಿ?"

"ಕ್ಷೇಮ ಅಂತ ಬರಿ. ಇಲ್ಲಿ ಎಲ್ಲಾ ಕ್ಷೇಮ, ಅಲ್ಲಿ ಹೆಂಗಿದೀರಿ ಅಂತ. ಉದ್ದಕ್ಕಿರ್ಲಿ. ಅವಂಗೆ ಉದ್ದ ಕಾಗ್ದ ಅಂದ್ರೆ ಇಷ್ಟ. ನಾನು ಹಿತ್ತಲಾಗೆ ಮೆಣಸಿನಕಾಯಿ ತಿರುವಿ ಹಾಕ್ಬೇಕು, ಎರಡು ತಾಸು ಹಿಡೀತೈತೆ." ಹೊಸ್ತಿಲ ಬಳಿ ನಿಂತು ಹೇಳಿದರು, "ನಾ ಬರೋ ಮುಂಚೆ ಕೆಮ್ತೀನಿ."

ಅವರು ಹೋದ ಮೇಲೆ ಸೆರಗಿನ ಗಂಟು ಬಿಚ್ಚಿ ಕಡ್ಡಿ ತೆಗೆದೆ. ಎಬ್ಬಿಸುವ ಮೊದಲು ಒಂದು ಸಲ ನೋಡಬೇಕೆನ್ನಿಸಿತು. ಖಾಲಿ ಹಾಳೆಯಲ್ಲಿ ಬರುವಾಗ ಎಂದು ಒತ್ತಿದೆ. ಕೊತ್ತಂಬರಿ ಎಂದಿತು.

ನಿಂಬೆಹಣ್ಣು ಹೋಗಿತ್ತು. ಎರಡು ವಾರ ಅವರೂ ಒತ್ತಿದ್ದಾರೆ, ಅದು ಅವರಿಂದಲೂ ಕಲಿತಿದೆ. ಮೆಟ್ಟಿಲು ಎಂದು ಒತ್ತಿದೆ. ನೋಡಿಕೋ. ಅದು ಇತ್ತು. ನಾಳೆ ಎಂದು ಒತ್ತಿದೆ. ನೋಡೋಣ. ಒಪ್ಪಿಕೊಂಡೆ. ಇಂದೂ. ಒಪ್ಪಿಕೊಂಡೆ. ಮುಂದಿನ ಪದ ಬರುವಾಗ ಎಂದಿರಬೇಕಿತ್ತು. ಊಟ ಎಂದು ಬಂತು.

ಒಪ್ಪಿಕೊಂಡೆ. ಮಾಡ್ತಾಳೋ. ಇಲ್ವೋ. ಗೋಡೆಗೆ. ಕಿವಿ. ಇಟ್ರೂ. ಒಗ್ಗರಣೆ. ಸದ್ದು. ಇಲ್ಲ. ಪಾಪ.

ಅಣ್ಣನಿಗೆ ರೇವಕ್ಕ ನನ್ನ ಬಗ್ಗೆ ಬರೆಯುತ್ತಲೇ ಇದ್ದರು ಎಂದಾಯಿತು. ಒಂದೇ ಸಲ ಬರೆದಿದ್ದರೆ ಕಂಪ್ಯೂಟರ್ ಇಷ್ಟು ಗಟ್ಟಿಯಾಗಿ ಕಲಿಯುವುದಿಲ್ಲ. ಹಿತ್ತಲಿನಿಂದ ಮೆಣಸಿನಕಾಯಿ ಸರಿಸುವ ಸದ್ದು ಬರುತ್ತಿತ್ತು. ಘಾಟು ಒಳಗೆ ಬಂತು. ಕಣ್ಣಲ್ಲಿ ನೀರು ಬಂತು, ಘಾಟಿಗೆ.

ಬೇರೆಯವರ ಪದಗಳನ್ನು ತೆಗೆದು ಅವನವನ್ನು ಮಾತ್ರ ಒಯ್ಯುವುದಕ್ಕೆ ದಾರಿಯಿದೆಯೇ ಎಂದು ತಿಪ್ಪಕ್ಕನನ್ನು ಕೇಳಬಹುದಿತ್ತು. ಸಮಯ ಇರಲಿಲ್ಲ. ಸಮಯ ಇದ್ದಿದ್ದರೂ ಕೇಳುತ್ತಿದ್ದೆನೋ ಇಲ್ಲವೋ ಹೇಳಲಾರೆ. ಆರಿಸಿ, ಕಡ್ಡಿಯಿಂದ ಎಬ್ಬಿಸಿದೆ. ಕಪಾಟು ತೆರೆದೆ. ಇದ್ದದ್ದನ್ನು ಇದ್ದ ಹಾಗೆ ಪೂರ್ತಿ ಎತ್ತಿ ಹಾಕಿದೆ. ಪಟ್ಟಿ ತುಂಬುವ ತನಕ ಕೈಕಟ್ಟಿ ಕೂತೆ. ಆಮೇಲೆ ಆರಿಸಿದೆ, ಮತ್ತೆ ಎಬ್ಬಿಸಿದೆ. ಹೆಸರು ಕೇಳಲಿಲ್ಲ. ಆರಿಸಿ ಮತ್ತೊಮ್ಮೆ ಎಬ್ಬಿಸಿದೆ. ಕೇಳಲಿಲ್ಲ.

ಕಡ್ಡಿ ತೆಗೆದು ಗಂಟು ಹಾಕಿಕೊಂಡು, ಅಣ್ಣನಿಗೆ ಕಾಗದ ಬರೆದೆ. ಇಲ್ಲಿ ಎಲ್ಲ ಕ್ಷೇಮ. ನಿಮ್ಮ ತಂಗಿ ಮೆಣಸಿನಕಾಯಿ ಒಣಗಿಸುತ್ತಿದ್ದಾರೆ. ಅವರ ಕನ್ನಡಕ ಸಿಕ್ಕಿದೆ. ಉದ್ದಕ್ಕೆ ಬರೆಯಲು ನನಗೆ ಬರುವುದಿಲ್ಲ, ನಾಲ್ಕು ಸಾಲಿಗೆ ಮುಗಿಯಿತು.

ರೇವಕ್ಕ ಕೆಮ್ಮಿದರು. ಒಳಗೆ ಬಂದು ತೆರೆ ನೋಡಿ, "ಇಷ್ಟೇನಾ? ಎರಡು ತಾಸಿಗೆ?" ಎಂದರು.

"ಓದಿ ನೋಡಿ, ಸಾಕಾ?"

"ಹೆಂಗ್ ಓದ್ಲಿ, ಕನ್ನಡಕ ಇಲ್ಲ ಅಂದ್ನಲ್ಲ," ಎಂದರು. ಕಾಗದದ ಮೂರನೇ ಸಾಲು ನೋಡಿ ತಲೆ ಮುಟ್ಟಿಕೊಂಡರು. "ಹಾಳಾದ್ದು, ಇಲ್ಲೇ ಐತೆ."

"ಓಬಳೇಶಪ್ಪನವರಿಗೆ ಹೇಳಿ, ಒರೆಸಲಿ," ಎಂದೆ. "ನಾನೇ ಒರೆಸಿ ಹೋಗಬೇಕಿತ್ತು."

"ಏನ್ ಒರೆಸೋದು? ನಾನೇನೂ ಹೇಳ್ಲಿಲ್ವಲ್ಲ ನಿಂಗೆ," ಎಂದು ರೇವಕ್ಕ ಟವೆಲನ್ನು ಮತ್ತೆ ಕುರ್ಚಿಯ ಮೇಲೆ ಹಾಕಿದರು.

ಭಾನುವಾರ ಬೆಳಿಗ್ಗೆ ಗೋಡೆಯ ಆಚೆಯಿಂದ ಓಬಳೇಶಪ್ಪ ಕಂಪ್ಯೂಟರಿನ ಮುಂದೆ ಕೂತು ಸೀನುವುದು ಕೇಳಿಸಿತು. "ಆತಾ?" ಎಂದರು ರೇವಕ್ಕ. "ಆತು. ಈಗ ತೊಳೆದ ತಟ್ಟೆ ಇದ್ದಂಗೆ ಐತೆ," ಎಂದರು ಅವರು. ಆ ಮನೆಯಲ್ಲಿ ಚಿದಾನಂದ ಅಲ್ಲಿಗೆ ಮುಗಿದ.

ನಾನು ನನ್ನ ಮನೆಯ ಕಂಪ್ಯೂಟರಿಗೆ ಕಡ್ಡಿ ಸಿಕ್ಕಿಸಿ ಎಬ್ಬಿಸಿದೆ. ಒಂದು ಪದ ಒತ್ತಿದೆ. ನಾಳೆ. ನೋಡೋಣ ಇಂದೂ ಎಂದಿತು. ಅಲ್ಲಿಯವರೆಗೆ ಅವನು. ಅಲ್ಲಿಂದ ಮುಂದೆ ರೇವಕ್ಕ. ಊಟ ಮಾಡ್ತಾಳೋ ಇಲ್ವೋ.

ಅಲ್ಲಿ ಬೆರಳು ನಿಲ್ಲಿಸಿದೆ. ಅದು ಗೋಡೆಗೆ ಎಂದು ಮಸುಕಾಗಿ ತೋರಿಸುತ್ತಾ ಕಾಯುತ್ತಿತ್ತು. ಒಪ್ಪಿಕೊಳ್ಳುವ ಗುಂಡಿ ಒತ್ತಲಿಲ್ಲ. ನಾನೇ ಒಂದು ಪದ ಸೇರಿಸಿದೆ. ಇಲ್ಲ.

ಹಾಗೆಯೇ ಬಿಟ್ಟು ಎದ್ದೆ. ಮೇಷ್ಟ್ರು ಬಿಟ್ಟುಹೋದ ಅಕ್ಕಿ ಡಬ್ಬಿಯಲ್ಲಿತ್ತು. ತೊಳೆದು ಇಟ್ಟೆ. ರೇವಕ್ಕನ ಮೊಸರಿನಲ್ಲಿ ಒಂದು ಚಮಚ ತೆಗೆದು ಹಾಲಿಗೆ ಹೆಪ್ಪು ಹಾಕಿದೆ, ಉಳಿದದ್ದನ್ನು ಅನ್ನಕ್ಕೆಂದು ಬದಿಗಿಟ್ಟೆ. ಅನ್ನವಾದ ಮೇಲೆ ಸಣ್ಣ ಬಾಣಲೆ ಒಲೆಯ ಮೇಲಿಟ್ಟು ಎಣ್ಣೆ ಬಿಟ್ಟೆ. ಕಾಯಲು ಬಹಳ ಹೊತ್ತು ಹಿಡಿಯಿತು, ಅಥವಾ ನನಗೆ ಮರೆತಿತ್ತು. ಸಾಸಿವೆ ಹಾಕಿದೆ. ಮೊದಲು ಒಂದು ಸಿ‍ಡಿಯಿತು, ಆಮೇಲೆ ಎಲ್ಲ ಒಟ್ಟಿಗೆ.

ಗೋಡೆಯ ಆಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಸಾಸಿವೆ ಪೂರ್ತಿ ಸಿಡಿದು ಮುಗಿಯುವವರೆಗೂ ನಿಂತೇ ಇತ್ತು. ಆಮೇಲೆ ಮತ್ತೆ ಶುರುವಾಯಿತು.